ಕ್ಯಾಪ್ಟನ್‌ನ ಹಿಂಗಾಲು

ಅಂಕೋಲಾ
೧೯ ಜನವರಿ ೨೦೨೫, ರವಿವಾರ

ಚಿ. ಸೌ. ದೀಕ್ಷಾಳಿಗೆ,

ನಿನ್ನ ಪಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾನೂ ಆಯಿಯೂ ಆರಾಮ ಇದ್ದೇವೆ. ಮಾಜಾಳಿಯಲ್ಲಿ ನೀವು ಮೂವರೂ ಹಾಗೇ ಇದ್ದೀರೆಂದು ನಿನ್ನೆ ಸಂಜೆ ಫೋನಿನಲ್ಲೇ ತಿಳಿಯಿತು. ದಿನಾ ಫೋನಿನಲ್ಲಿ ಸಿಗುವ ಮಗಳಿಗೆ, ಒಂದೂವರೆ ತಾಸು ಬಸ್ಸಿನಲ್ಲಿ ಕೂತರೆ ಮನೆಯ ಬಾಗಿಲಿಗೇ ಬಂದು ಮಾತಾಡಬಹುದಾದ ಮಗಳಿಗೆ ಅಂಚೆಯಲ್ಲಿ ಕಾಗದ ಏಕೆ ಎಂದು ನೀನು ಕೇಳಬಹುದು. ಫೋನು ಹಿಡಿದರೆ ನಾನು ಊಟವಾಯಿತೇ ಎಂದು ಕೇಳಿ ಆಯಿಯ ಕೈಗೆ ಕೊಟ್ಟುಬಿಡುತ್ತೇನೆ. ನಿನಗೂ ಗೊತ್ತಿದೆ. ಕ್ಯಾಪ್ಟನ್ ಏನಾಯಿತು ಎಂದು ನೀನು ಎರಡು ಸಲ ಕೇಳಿದೆ. ಎರಡು ಸಲವೂ ನಾನು ಮಾತು ತಪ್ಪಿಸಿದೆ. ಆ ತಡಕ್ಕೆ ಕ್ಷಮೆ ಇರಲಿ. ಇವತ್ತು ಎಲ್ಲವನ್ನೂ ಬರೆಯುತ್ತೇನೆ.

ಮೊದಲು ಸುದ್ದಿ: ನಾಯಿ ಮನೆಯಲ್ಲೇ ಇದೆ. ಈಗ ನನ್ನ ಕುರ್ಚಿಯ ಪಕ್ಕದಲ್ಲಿ ಗೋಣಿಯ ಮೇಲೆ ಮಲಗಿದೆ.

ದೀಪಾವಳಿಯಲ್ಲಿ ಅದು ನಿನ್ನ ಮಗಳು ಪ್ರೇಕ್ಷಾಳ ಕೈಗೆ ಬಾಯಿ ಹಾಕಿದಾಗ ನಾನು ಒಳಗೆ ಸ್ನಾನಕ್ಕೆ ಹೊರಟಿದ್ದೆ. ಕೂಗು ಕೇಳಿ ಬಂದಾಗ ಮಗುವಿನ ಮೊಣಕೈ ಕೆಳಗೆ ಎರಡು ಹಲ್ಲಿನ ಗುರುತು, ಕ್ಯಾಪ್ಟನ್ ಹೂವಿನ ಕುಂಡಗಳ ಹಿಂದೆ. ನಾಯಿಗೆ ವರ್ಷವರ್ಷ ಇಂಜೆಕ್ಷನ್ ಹಾಕಿಸಿದ್ದರೂ ಮಗುವಿಗೂ ಹಾಕಿಸಬೇಕಾಯಿತು. ಕಾರವಾರಕ್ಕೆ ನಾಲ್ಕು ಸಲ ಅಲೆದವಳು ನೀನು. ಅಮಿತರು ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, ಈ ನಾಯಿ ಇರುವವರೆಗೆ ಮಗುವನ್ನು ಇಲ್ಲಿಗೆ ಕರೆತರುವುದು ಕಷ್ಟ ಮಾವ, ಎಂದು ಮೆಲ್ಲಗೆ ಹೇಳಿದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಒಂಬತ್ತು ವರ್ಷ ಸಾಕಿದ ನಾಯಿ ನನ್ನ ಮಾನ ಕಳೆಯಿತು ಎಂದು ನನಗೆ ಅನ್ನಿಸಿತು. ಅವತ್ತಿನಿಂದ ಅದನ್ನು ಹಿತ್ತಲಲ್ಲಿ ಸರಪಳಿಗೆ ಕಟ್ಟಿದೆ.

ನಿಜ ಹೇಳಬೇಕೆಂದರೆ ಸಿಟ್ಟು ಅದಕ್ಕೂ ಮೊದಲೇ ಶುರುವಾಗಿತ್ತು. ಶಾಲೆಯ ಮೈದಾನದಲ್ಲಿ ಸಿಕ್ಕ ಮರಿ ಅದು, ನನ್ನ ಜೊತೆ ಓಡಿ ಓಡಿಯೇ ದೊಡ್ಡದಾಗಿದ್ದು. ನಿವೃತ್ತಿಯಾದ ಮೇಲೂ ಬೆಳಿಗ್ಗೆ ನದಿಭಾಗದ ದಂಡೆಯಲ್ಲಿ ನಾನು ಮುಂದೆ, ಅದು ನನಗಿಂತ ಮುಂದೆ. ಹೋದ ಮಳೆಗಾಲದಿಂದ ಅದು ಹಿಂದೆ ಬೀಳತೊಡಗಿತು. ನಾನು ತಿರುಗಿ ನಿಂತು ಚಪ್ಪಾಳೆ ತಟ್ಟಿದರೆ ನಾಲ್ಕು ಹೆಜ್ಜೆ ಓಡಿ ಬಂದು, ಮತ್ತೆ ಮರಳು ಮೂಸುತ್ತಾ ನಿಲ್ಲುತ್ತಿತ್ತು. ಮೈ ಬಂದಿದೆ, ಸೋಮಾರಿಯಾಗಿದೆ ಎಂದು ತೀರ್ಮಾನಿಸಿ ಊಟ ಕಡಿಮೆ ಮಾಡಿದೆ, ಓಟ ಜಾಸ್ತಿ ಮಾಡಿದೆ. ಮೂವತ್ತನಾಲ್ಕು ವರ್ಷ ಪಿ.ಟಿ. ಮಾಸ್ತರನಾಗಿದ್ದವನಿಗೆ ಬೇರೆ ಔಷಧ ಗೊತ್ತಿರಲಿಲ್ಲ.

ಸೊಪ್ಪು ಮಾರುವ ಗಂಗಿ ನಿನಗೆ ನೆನಪಿರಬೇಕು. ಈಗಲೂ ಬೆಳಿಗ್ಗೆ ಬುಟ್ಟಿ ಇಳಿಸಿ ನಮ್ಮ ಗೇಟಿನ ಬಳಿ ಒಂದು ಗಳಿಗೆ ಕೂರುತ್ತಾಳೆ. ಶ್ರಾವಣದಲ್ಲಿಯೇ ಅವಳು ನನಗೆ ಹೇಳಿದ್ದಳು.

"ಮಾಸ್ತರ್ರೆ, ನಿಮ್ಮ ನಾಯಿ ಎದ್ಮೇಲೆ ಮೈ ಜಾಡ್ಸೂದು ಬಿಟ್ಟದೆ. ದನ ಆಗ್ಲಿ ನಾಯಿ ಆಗ್ಲಿ, ಸುಮ್ನೆ ಬಿಡೂದಿಲ್ಲ ಅದ್ನ."

ವಯಸ್ಸಾಯಿತಲ್ಲ ಗಂಗಿ, ಎಂದು ನಾನು ಪೇಪರು ತಿರುವಿದೆ. ಅವಳು ಇನ್ನೊಂದು ದಿನ ಅದರ ಹಿಂಗಾಲಿನ ಮೊಣಕಾಲು ತೋರಿಸಿದಳು. ನೆಕ್ಕಿ ನೆಕ್ಕಿ ಅಲ್ಲಿಯ ಬಿಳಿ ಕೂದಲು ಕೆಂಪಗಾಗಿತ್ತು. ಉಣ್ಣಿ ಇರಬಹುದು ಎಂದೆ. ಆಯಿಯೂ ಒಂದು ಮಾತು ಹೇಳಿದ್ದಳು. ಜಗಲಿಯಲ್ಲಿ ಕ್ಯಾಪ್ಟನ್ ನಡೆಯುವಾಗ ಉಗುರು ಸಿಮೆಂಟಿಗೆ ಉಜ್ಜಿದ ಸಪ್ಪಳ ಬರುತ್ತದೆ, ಮೊದಲು ಬರುತ್ತಿರಲಿಲ್ಲ, ಎಂದು. ಉಗುರು ಬೆಳೆದಿದೆ ಎಂದೆ. ನೋಡು, ಪ್ರತಿಯೊಂದಕ್ಕೂ ನನ್ನ ಹತ್ತಿರ ಉತ್ತರ ಸಿದ್ಧವಿತ್ತು.

ನವೆಂಬರ್ ಕೊನೆಯ ವಾರ ನಾನು ನಿರ್ಧಾರ ಮಾಡಿದೆ. ನಮ್ಮ ಓಣಿಯ ಹರೀಶನ ಟೆಂಪೊ ದಿನಾ ಬೆಳಿಗ್ಗೆ ಖಾಲಿ ಪೆಟ್ಟಿಗೆ ಹೇರಿಕೊಂಡು ಕಾರವಾರದ ಬೈತಖೋಲಕ್ಕೆ ಹೋಗಿ ಮೀನು ತರುತ್ತದೆ. ಬಂದರದಲ್ಲಿ ನಾಯಿಗಳಿಗೆ ಬರವಿಲ್ಲ, ಹೊಟ್ಟೆಗೂ ಕಡಿಮೆಯಿಲ್ಲ, ಅಲ್ಲಿ ಬಿಟ್ಟರೆ ಬದುಕಿಕೊಳ್ಳುತ್ತದೆ ಎಂದು ಅವನೇ ಹೇಳಿದ. ನಾನು ಸರಪಳಿ ಬಿಚ್ಚುವಾಗ ಆಯಿ ಬಾಗಿಲಲ್ಲಿ ನಿಂತು ಇಷ್ಟೇ ಹೇಳಿದಳು:

"ನೀವು ಅದು ಓಡೂದು ಮಾತ್ರ ನೋಡ್ತೀರಿ. ಅದು ಏಳೂದು ಒಂದಿನನೂ ನೋಡ್ಲಿಲ್ಲ."

ನನಗೆ ಆಗ ಅದು ಹೆಂಗಸರ ಕರಗುವ ಮನಸ್ಸು ಎನ್ನಿಸಿತು. ಹರೀಶನೂ ನಾನೂ ಸೇರಿ ನಾಯಿಯನ್ನು ಟೆಂಪೊಕ್ಕೆ ಎತ್ತಿ ಹಾಕಿದೆವು. ಹರೀಶ ಹಿಂದಿನಿಂದ ಹಿಡಿದಿದ್ದ. ಅದು ಒಮ್ಮೆ ಹಲ್ಲು ಕಿರಿಯಿತು. ಕಂಡೆಯಾ, ಇದರ ಬುದ್ಧಿ, ಎಂದೆ ನಾನು.

ಬೈತಖೋಲದಲ್ಲಿ ಎರಡು ಟ್ರಾಲರ್ ಬಂದು ನಿಂತಿದ್ದವು. ಹರಾಜಿನ ಗದ್ದಲ, ಬಂಗಡೆಯ ರಾಶಿ, ಕಾಲಡಿ ಎಲ್ಲಾ ನೀರು. ಹರೀಶ ಹಿಂದಿನ ಪಟ್ಟಿ ತೆಗೆದು, ಇಳಿಸಿ ಮಾಸ್ತರ್ರೆ, ಎಂದ. ನಾನು ಕೆಳಗೆ ನಿಂತು ಕರೆದೆ. ಕ್ಯಾಪ್ಟನ್ ಅಂಚಿಗೆ ಬಂತು. ಟೆಂಪೊದ ಅಂಚು ನನ್ನ ಸೊಂಟದಷ್ಟೂ ಎತ್ತರವಿರಲಿಲ್ಲ. ಎರಡು ವರ್ಷದ ಹಿಂದೆ ನಮ್ಮ ಕಂಪೌಂಡು ಹಾರಿದ ನಾಯಿ ಅದು. ಮುಂಗಾಲು ಮುಂದಿಟ್ಟು ಕೆಳಗೆ ನೋಡಿತು, ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಸರಿಯಿತು. ಮೂರನೇ ಸಲ ಬಾಲ ಅಲ್ಲಾಡಿಸುತ್ತಲೇ ಹಿಂದೆ ಸರಿಯಿತು. ಇಳಿಯುವ ಆಸೆಯೇನೋ ಇತ್ತು.

ನಾನು ಬೇಸರದಿಂದಲೇ ಹೊಟ್ಟೆಯ ಕೆಳಗೆ ಒಂದು ಕೈ, ತೊಡೆಯ ಹಿಂದೆ ಒಂದು ಕೈ ಹಾಕಿ ಎತ್ತಿಕೊಂಡೆ. ಎಡತೊಡೆ ನನ್ನ ಅಂಗೈಯೊಳಗೇ ಮುಗಿದುಹೋಯಿತು. ಬಲತೊಡೆ ಮುಟ್ಟಿದೆ, ಅದು ತುಂಬಿಕೊಂಡಿತ್ತು. ಮತ್ತೆ ಎಡಕ್ಕೆ ಬಂದೆ. ಅಲ್ಲಿಯ ಮಾಂಸ ಅರ್ಧಕ್ಕರ್ಧ ಕರಗಿ, ಉಳಿದದ್ದು ಚರ್ಮದಡಿ ಸಣ್ಣಗೆ ನಡುಗುತ್ತಿತ್ತು. ದೀಕ್ಷಾ, ನಾನು ಎಷ್ಟು ಮಕ್ಕಳ ಕಾಲು ತಿಕ್ಕಿದ್ದೇನೆ. ಬಳಸದ ಕಾಲು ಹೇಗೆ ಸೊರಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಷ್ಟೋ ತಿಂಗಳಿಂದ ಅದು ಎಡಗಾಲಿನ ಮೇಲೆ ಭಾರವೇ ಹಾಕಿರಲಿಲ್ಲ. ಕುಂಟದೆ, ಕೂಗದೆ, ಮೈಯ ಭಾರವನ್ನೆಲ್ಲ ಮುಂದಕ್ಕೆ ಹಾಕಿಕೊಂಡು ನನ್ನ ಹಿಂದೆ ಓಡಿತ್ತು.

ನೆಲಕ್ಕೆ ಇಳಿಸಿದರೆ ಒದ್ದೆಯ ಮೇಲೆ ಹಿಂಗಾಲು ಜಾರಿದವು. ಬಂದರದ ನಾಲ್ಕು ನಾಯಿಗಳು ಹತ್ತಿರ ಬಂದವು. ಕ್ಯಾಪ್ಟನ್ ಗುರುಗುಡಲೂ ಇಲ್ಲ. ಎಡಗಾಲನ್ನು ಹೊರಗೆ ಚಾಚಿ ಓರೆಯಾಗಿ ಕುಳಿತುಬಿಟ್ಟಿತು. ಅದು ಹಾಗೇ ಕೂರುವುದನ್ನು ನಾನು ಮನೆಯಲ್ಲಿ ನೂರು ಸಲ ನೋಡಿದ್ದೆ.

ಹತ್ತಿಸು ಹರೀಶ, ವಾಪಸ್ ಹೋಗೋಣ, ಎಂದೆ.

"ಮನಸ್ಸು ಬರ್ಲಿಲ್ಲಾ ಮಾಸ್ತರ್ರೆ?"

"ಮನಸ್ಸಲ್ಲ ಮಾರಾಯಾ. ಕಾಲು ನೋಡು."

ಹರೀಶ ಮೀನು ಹೇರಿಕೊಂಡು ಮೊದಲು ನಮ್ಮನ್ನು ಕಾರವಾರ ಪೇಟೆಯಲ್ಲಿ ಪಶುವೈದ್ಯರ ಬಾಗಿಲಿಗೆ ಬಿಟ್ಟು ಹೋದ. ಡಾಕ್ಟರು ಸಂಧ್ಯಾ ಎಂದು, ನಿನಗಿಂತ ಸಣ್ಣವಳು. ಅವಳು ಬಂದವಳೇ ನಾಯಿಯನ್ನು ಮುಟ್ಟಲಿಲ್ಲ. ಸುಮ್ಮನೆ ನಡೆಸಿರಿ ಎಂದಳು. ಕೂರಿಸಿರಿ, ಏಳಿಸಿರಿ ಎಂದಳು. ಏಳುವಾಗ ಅದು ಮುಂಗಾಲುಗಳಿಂದ ಮೈಯನ್ನು ಎಳೆದುಕೊಳ್ಳುತ್ತಿತ್ತು. ಆಮೇಲೆ ಕುತ್ತಿಗೆಯಿಂದ ಶುರುಮಾಡಿ ಬೆರಳುಗಳಲ್ಲಿ ಮೆಲ್ಲಗೆ ಒತ್ತುತ್ತಾ ಹಿಂದೆ ಬಂದಳು. ಸೊಂಟದ ಹತ್ತಿರ ಬಂದಾಗ ಕ್ಯಾಪ್ಟನ್ ಕೂಗಲಿಲ್ಲ. ಬಾಯಿ ಮುಚ್ಚಿಕೊಂಡಿತು, ತುಟಿ ನೆಕ್ಕಿಕೊಂಡಿತು, ಕಿವಿ ಹಿಂದಕ್ಕೆ ಹೋದವು. ಕಂಡಿತಾ, ಇದೇ ಅದರ ಮಾತು, ಎಂದಳು. ಹಿಂಗಾಲಿನ ಉಗುರುಗಳು ಮೇಲ್ಗಡೆ ಸವೆದದ್ದನ್ನು ತೋರಿಸಿದಳು. ಕಾಲು ಪೂರ್ತಿ ಎತ್ತಲಾಗದೆ ಎಳೆದು ನಡೆದರೆ ಹಾಗಾಗುತ್ತದಂತೆ. ಎಕ್ಸ್‌ರೇ ತೆಗೆದು ಎಡಸೊಂಟದ ಕೀಲು ಸವೆದಿದೆ, ಮೊಣಕಾಲಿನಲ್ಲೂ ಬಾವು ಇದೆ ಎಂದಳು.

ಪ್ರೇಕ್ಷಾಳ ಸಂಗತಿ ಹೇಳಿದೆ. ಮಗು ಎಲ್ಲಿ ಹಿಡಿದಿತ್ತು ಎಂದು ಕೇಳಿದಳು. ಹಿಂದಿನಿಂದ ಅಪ್ಪಿ ಸೊಂಟದ ಮೇಲೆ ಮಲಗಿದ್ದಳು ಎಂದು ನೀನು ಹೇಳಿದ್ದು ನೆನಪಿಗೆ ಬಂತು.

"ನಾಯಿ ಅಳೂದಿಲ್ಲ ಸರ್. ಒಂದೊಂದೇ ಕೆಲಸ ಬಿಡ್ತಾ ಹೋಗ್ತದೆ. ಅದೂ ನಮಗೆ ತಿಳೀಲಿಲ್ಲ ಅಂದ್ರೆ, ಕಡೇಗೆ ಹಲ್ಲಿಂದ ಹೇಳ್ತದೆ."

ನನ್ನ ಭುಜದ ನೋವಿನ ಮಾತ್ರೆ ಅರ್ಧ ಕೊಡಬಹುದೇ ಎಂದು ಕೇಳಿದೆ. ಅವಳ ಮುಖ ಗಂಭೀರವಾಯಿತು. ಮನುಷ್ಯರ ನೋವಿನ ಮಾತ್ರೆ ನಾಯಿಯ ಹೊಟ್ಟೆ, ಮೂತ್ರಪಿಂಡ ಕೆಡಿಸಿ ಕೊಂದೇಬಿಡಬಹುದಂತೆ. ರಕ್ತ ಪರೀಕ್ಷೆ ಮಾಡಿಸಿ ನಾಯಿಯದೇ ಮಾತ್ರೆ ಬರೆದುಕೊಟ್ಟಳು. ಎಂದಿನಿಂದ ಹೀಗೆ ಎಂದು ಕೇಳಿದಳು. ಆಯಿಗೆ ಫೋನು ಮಾಡಿ ಕೇಳಿದೆ. ಅವಳು ತಿಂಗಳು ಸಹಿತ ಹೇಳಿದಳು.

ಅವತ್ತಿನಿಂದ ನಮ್ಮ ಮನೆ ಬದಲಾಗಿದೆ. ಜಾರುವ ಟೈಲ್ಸಿನ ಮೇಲೆಲ್ಲ ಗೋಣಿ ಹಾಸಿದ್ದೇವೆ. ಬಂದವರು ಅಕ್ಕಿ ಒಣಗಿಸುತ್ತೀರಾ ಎಂದು ಕೇಳುತ್ತಾರೆ. ನೀರಿನ ಪಾತ್ರೆ ಸ್ಟೂಲಿನ ಮೇಲೆ ಏರಿದೆ, ಅದು ಬಗ್ಗಬೇಕಾಗಿಲ್ಲ. ಓಟ ನಿಂತಿದೆ. ಬೆಳಿಗ್ಗೆ ಸಂಜೆ ದಂಡೆಯ ಗಟ್ಟಿ ಮರಳಿನ ಮೇಲೆ ಇಪ್ಪತ್ತು ನಿಮಿಷ, ಅದರ ನಡಿಗೆಯಲ್ಲಿ. ಮೊದಲ ವಾರ ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ನಾನು ಮುಂದೆ ಹೋಗಿ ಹೋಗಿ ನಿಲ್ಲುತ್ತಿದ್ದೆ. ಈಗ ಅದರ ಪಕ್ಕದಲ್ಲೇ ನಡೆಯಲು ಬರುತ್ತದೆ. ಅಷ್ಟು ನಿಧಾನವಾಗಿ ನಡೆದರೆ ದಂಡೆಯಲ್ಲಿ ಏನೇನು ಕಾಣುತ್ತದೆ ಎಂದು ನನಗೆ ಅರವತ್ತಾರನೇ ವಯಸ್ಸಿನಲ್ಲಿ ಗೊತ್ತಾಯಿತು. ಏಡಿಗಳು ಎಷ್ಟು ತರದ ಗೂಡು ತೋಡುತ್ತವೆ!

ಸಂಕ್ರಾಂತಿಯ ಮಾರನೇ ದಿನ ಗಂಗಿ ಗೇಟಿನಿಂದಲೇ ಕೂಗಿದಳು. ಹೊರಗೆ ಬರುವಷ್ಟರಲ್ಲಿ ಮುಗಿದಿತ್ತು. ಕ್ಯಾಪ್ಟನ್ ಎದ್ದು, ಮುಂದಕ್ಕೆ ಮೈ ಮುರಿದು, ಮೂಗಿನಿಂದ ಬಾಲದವರೆಗೆ ಜಾಡಿಸಿತಂತೆ. ಆಯಿಯೂ ನೋಡಿದಳು. ನನಗೆ ಕಾಣಲು ಇನ್ನೂ ಎರಡು ದಿನ ಹಿಡಿಯಿತು. ಪೂರ್ತಿ ಗುಣವಾಗುವ ಕಾಯಿಲೆಯಲ್ಲ, ಚಳಿಯ ದಿನ ಜಾಸ್ತಿಯಾಗುತ್ತದೆ, ವಯಸ್ಸೂ ಏರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ. ಹಾಗಿದ್ದರೂ ನೋವು ತಿಳಿದುಕೊಂಡ ಮನೆಯಲ್ಲಿ ಅದು ಇದೆ.

ಅಮಿತರಿಗೆ ಇದನ್ನೆಲ್ಲ ಓದಿ ಹೇಳು. ನಾಯಿಯ ಪರ ವಕೀಲಿ ಮಾಡುತ್ತಿಲ್ಲ ಎಂದೂ ಹೇಳು. ಕಚ್ಚಿದ್ದು ಕಚ್ಚಿದ್ದೇ. ನೀವು ಬಂದಾಗ ಅದನ್ನು ಹಿತ್ತಲ ಕೋಣೆಯಲ್ಲಿ ಇಡುತ್ತೇನೆ, ನಡುವೆ ಬಾಗಿಲು ಇರುತ್ತದೆ. ಪ್ರೇಕ್ಷಾಳಿಗೆ ಅದರ ಜೊತೆ ಮತ್ತೆ ಮಾತು ಬೆಳೆಸುವ ಮನಸ್ಸಿದ್ದರೆ, ಕಿಟಕಿಯಿಂದ ಶುರುವಾಗಲಿ. ಮನಸ್ಸಿಲ್ಲದಿದ್ದರೆ ಬೇಡ. ಆಗ ನಾವೇ ಮಾಜಾಳಿಗೆ ಬರುತ್ತೇವೆ.

ಆಯಿ ನಿನಗೆ ಕೊಕಂ ಸಿಪ್ಪೆ ತೆಗೆದಿಟ್ಟಿದ್ದಾಳೆ. ನಿಮ್ಮ ಮನೆಯಲ್ಲಿ ನಗು, ಉಣ್ಣುವ ಅನ್ನ, ಒಳ್ಳೆಯ ನಿದ್ದೆ ಸದಾ ಇರಲಿ. ಪ್ರೇಕ್ಷಾಳ ತಲೆಯ ಮೇಲೆ ಅಜ್ಜನ ಕೈ ಇದೆಯೆಂದು ತಿಳಿಸು.

ನಿನ್ನ ಪಪ್ಪ,
ರಾಮನಾಥ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಇದನ್ನೂ ಬರೆಯಬೇಕು. ಇಲ್ಲದಿದ್ದರೆ ಮೇಲಿನದೆಲ್ಲ ಬರೆದು ಉಪಯೋಗವಿಲ್ಲ.

ನೀನು ಒಂಬತ್ತನೇ ಇಯತ್ತೆಯಲ್ಲಿದ್ದಾಗ, ಜೂನ್ ತಿಂಗಳಲ್ಲಿ, ಬೆಳಿಗ್ಗೆ ಬೆರಳು ಮಡಚಲು ಬರುವುದಿಲ್ಲ, ಸೊಂಟ ಹಿಡಿದಂತಾಗುತ್ತದೆ ಎಂದು ನನಗೆ ಹೇಳಿದ್ದೆ. ನಾನು ನಂಬಲಿಲ್ಲ. ಆಗಸ್ಟಿನಲ್ಲಿ ಕವಾಯತಿನ ದಿನ ನೀನು ಸಾಲಿನಿಂದ ಹೊರಗೆ ಬಂದು ಕುಳಿತಾಗ, ಮಾಸ್ತರರ ಮಗಳೇ ನಾಟಕ ಮಾಡಿದರೆ ಉಳಿದವರು ಏನು ಕಲಿಯಬೇಕು ಎಂದು ಇಡೀ ಶಾಲೆಯ ಎದುರು ಕೇಳಿದೆ. ಮೈದಾನಕ್ಕೆ ಮೂರು ಸುತ್ತು ಓಡಿಸಿದೆ. ನೀನು ಮೂರೂ ಸುತ್ತು ಓಡಿದೆ. ಆಮೇಲೆ ನೀನು ನನ್ನ ಹತ್ತಿರ ಯಾವ ನೋವನ್ನೂ ಹೇಳಲಿಲ್ಲ. ಫೆಬ್ರವರಿಯಲ್ಲಿ ಆಯಿ ಹಟ ಹಿಡಿದು ಮಂಗಳೂರಿಗೆ ಕರೆದುಕೊಂಡು ಹೋದಳು. ಕೀಲಿನ ಕಾಯಿಲೆ, ತಿಂಗಳುಗಳ ಹಿಂದೆಯೇ ಕರೆತಂದಿದ್ದರೆ ಸೊಂಟ ಇಷ್ಟು ಕೆಡುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಾನು ಹೊರಗಿನ ಬೆಂಚಿನಲ್ಲಿ ಕೂತು ಕೇಳಿಸಿಕೊಂಡೆ. ಇಪ್ಪತ್ತು ವರ್ಷವಾಯಿತು. ತಪ್ಪು ನನ್ನದು ಎಂಬ ಒಂದು ಮಾತು ನನ್ನ ಬಾಯಿಂದ ಬಂದಿಲ್ಲ. ನಾಯಿಯ ಕಾಲು ಹಿಡಿದು ನೋಡಲು ಬಂತು ನನಗೆ. ಮಗಳ ಕೈ ಹಿಡಿದು ನೋಡಲಿಲ್ಲ. ತಪ್ಪು ನನ್ನದು, ದೀಕ್ಷಾ.

ದೀಪಾವಳಿಗೆ ನೀವು ಬಂದಾಗ ನಾನು ಕಿಟಕಿಯಲ್ಲಿದ್ದೆ, ನಿನಗೆ ಕಾಣಲಿಲ್ಲ. ನೀನು ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು, ನಿಂತು ನಿಂತು ಹತ್ತಿದೆ. ನಾನು ಬಾಗಿಲಿಗೆ ಬಂದದ್ದೇ ಗೋಡೆ ಬಿಟ್ಟು, ಉಳಿದ ಎರಡು ಮೆಟ್ಟಿಲನ್ನು ಬೇಗಬೇಗ ಹತ್ತಿ ನಕ್ಕೆ. ಇಪ್ಪತ್ತು ವರ್ಷದಿಂದ ಹಾಗೇ ಹತ್ತುತ್ತಿದ್ದೀಯೋ ಏನೋ. ಮುಂದಿನ ಸಲ ನಾನು ಬಾಗಿಲಲ್ಲೇ ನಿಂತಿರುತ್ತೇನೆ. ನನ್ನ ಎದುರಿಗೂ ನಿಧಾನವಾಗಿಯೇ ಹತ್ತು ಮಗಾ.