ಬುಗುರಿಯ ಷೂಗೆ ರಬ್ಬರ್ ಸೋಲ್

ಮಾರ್ಚ್ ೧೪, ಭಾನುವಾರ
ಅಡುಗೆಮನೆ ಮೇಜಿನಿಂದ

ನೀರಿನ ಮೇಲಿರೋ ಮಗಳಿಗೆ, ನೆಲದ ಮೇಲಿರೋ ಅಪ್ಪ ಮಾಡೋ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮಮ್ಮನ ಮಂಡಿನೋವು ತುಂಬಾ ಚೆನ್ನಾಗಿದೆ, ಅವಳಿಗೇ ಸ್ವಲ್ಪ ಸುಸ್ತು. ನನ್ನ ಕೆಮ್ಮೂ ದಷ್ಟಪುಷ್ಟವಾಗಿ ಬೆಳೀತಾ ಇದೆ. ಇನ್ನು ನಿನ್ನ ಮಗಳು ಬುಗುರಿ ಹೇಗಿದ್ದಾಳೆ ಅಂತ ಹೇಳೋಕೇ ಈ ಕಾಗದ.

ತಡ ಆಯ್ತು, ಒಪ್ಕೋತೀನಿ. "ಬ್ಯಾಲೆ ಶಾಲೆ ಪರೀಕ್ಷೆ ಏನಾಯ್ತು ಅಪ್ಪಾ, ತಕ್ಷಣ ಬರಿ" ಅಂತ ಹಿಂದಿನ ಬಂದರಿಂದ ನೀನು ದಪ್ಪಕ್ಷರದಲ್ಲಿ ಬರೆದಿದ್ದೆ. ತಕ್ಷಣಾನೇ ಕೂತೆ ಕಣೇ. ಪೆನ್ನು ಸಿಕ್ತು, ಕನ್ನಡಕ ಸಿಗಲಿಲ್ಲ. ಕನ್ನಡಕ ಸಿಕ್ತು, ಧೈರ್ಯ ಸಿಗಲಿಲ್ಲ. ಯಾಕೆ ಅಂತ ಮುಂದೆ ಓದಿದ್ರೆ ನಿನಗೇ ಗೊತ್ತಾಗುತ್ತೆ. ಅಷ್ಟರಲ್ಲಿ ಶಾಲೆಯವರ ರಿಸಲ್ಟೂ ಬಂತು. ನಿನ್ನ ಬುದ್ಧಿ ನನಗೆ ಗೊತ್ತು, ಯಾವ ಪುಸ್ತಕ ಕೊಟ್ರೂ ಕೊನೇ ಪುಟ ಮೊದಲು ಓದೋಳು ನೀನು. ಅದಕ್ಕೇ ರಿಸಲ್ಟನ್ನ ಮಧ್ಯದಲ್ಲೆಲ್ಲೋ ಬಚ್ಚಿಟ್ಟಿದ್ದೀನಿ. ಹಡಗಿನ ಲಾಂಡ್ರಿಲಿ ಆ ಬೆಡ್‌ಶೀಟೆಲ್ಲ ಮಡಚಿಟ್ಟು, ಒಂದು ಕಡೆ ಕೂತು, ಸಾಲು ಬಿಡದೆ ಓದು.

ಆ ಶಾಲೆಗೆ ಒಬ್ಬರಿಗೆ ಒಂದೇ ಸಲ ಅವಕಾಶ. ಹನ್ನೆರಡನೇ ವಯಸ್ಸಲ್ಲಿ ತಪ್ಪಿತೋ, ತಪ್ಪಿದ ಹಾಗೇ. ಇದು ನಿನಗೂ ಗೊತ್ತು, ಬುಗುರಿಗೂ ಗೊತ್ತು, ಅವಳ ದೆಸೆಯಿಂದ ಕೆಳಗಿನ ಮನೆಯವರಿಗೂ ಗೊತ್ತು. ಪಾಪ ಅವರ ಸೂರು ಅಂದ್ರೆ ನಮ್ಮ ನೆಲ ತಾನೇ! ಈ ಹುಡುಗಿ ಮನೇಲಿ ನಡೆಯೋದನ್ನೇ ಬಿಟ್ಟಿದ್ಲು. ಬಚ್ಚಲಿಗೆ ಹಾರ್ಕೊಂಡು ಹೋಗೋದು, ತಿರುಗ್ಕೊಂಡು ಬರೋದು. ಹಲ್ಲುಜ್ಜುವಾಗ ಒಂದು ಕಾಲು ವಾಷ್‌ಬೇಸಿನ್ ಮೇಲೆ. "ಮುಖ ತೊಳೆಯೋ ಜಾಗದಲ್ಲಿ ಕಾಲಿಡ್ತಾಳಲ್ಲ, ಇವಳಿಗೆ ಮುಖ ಯಾವುದು ಕಾಲು ಯಾವುದು ಅಂತ ಹೇಳಿಕೊಡ್ರೀ" ಅಂತ ನಿಮ್ಮಮ್ಮ. "ಮುಖ ನೋಡಿ ಮಣೆ ಹಾಕೋ ಕಾಲ ಹೋಯ್ತು ಕಣೇ, ಈಗ ಕಾಲು ನೋಡಿ ಹಾಕ್ತಾರೆ" ಅಂದೆ. ಅವತ್ತು ನನಗೆ ಟೀ ಸಿಗಲಿಲ್ಲ.

ನೀನು ಕಳಿಸಿದ ಷೂ ಬಂದ ದಿನ ನೋಡಬೇಕಿತ್ತು ನೀನು. ಗುಲಾಬಿ ರೇಷ್ಮೆ ಬಟ್ಟೆ, ಉದ್ದುದ್ದ ರಿಬ್ಬನ್, ತುದೀಲಿ ಗಟ್ಟಿ ಡಬ್ಬಿ ಥರ. ತುದಿಗಾಲಲ್ಲಿ ನಿಲ್ಲೋ ಷೂ ಅಂತೆ. ನಾನೂ ಅಂಗಡಿ ಮುಚ್ಚೋ ತನಕ ಊರಿನ ಚಪ್ಪಲಿ, ಬೂಟು ಎಲ್ಲ ರಿಪೇರಿ ಮಾಡಿದೋನು, ಇಂಥದ್ದನ್ನ ಕೈಯಲ್ಲಿ ಹಿಡಿದಿರಲಿಲ್ಲ. ಬುಗುರಿ ಮುಟ್ಟೋಕೂ ಬಿಡಲಿಲ್ಲ. ಎದೆಗೆ ಅವಚ್ಕೊಂಡು ರೂಮಿಗೆ ಹೋದೋಳು ಬಾಗಿಲು ಹಾಕ್ಕೊಂಡ್ಲು. "ತಾತ, ಇದನ್ನ ಪರೀಕ್ಷೆ ದಿನಾನೇ ಹಾಕೋದು. ಅಭ್ಯಾಸಕ್ಕೆ ಹಳೇದೇ ಸಾಕು" ಅಂತ ಒಳಗಿಂದ್ಲೇ ಕೂಗಿದ್ಲು.

ಈಗ ನನ್ನ ಪರಾಕ್ರಮ ಕೇಳು.

ಪರೀಕ್ಷೆಗೆ ಎರಡು ದಿನ ಮುಂಚೆ ಬಾಲ್ಕನಿಗೆ ಹೋಗ್ತೀನಿ, ಬಟ್ಟೆ ಒಣಗಾಕೋ ಹಗ್ಗದ ಮೇಲೆ ಆ ಷೂ ನೇತಾಡ್ತಾ ಇದೆ. ಮುಂದಿನ ಡಬ್ಬಿ ಜಜ್ಜಿ ಹೋಗಿದೆ. ನಡು ಬಗ್ಗಿ ಹೋಗಿದೆ. ಮೈಯೆಲ್ಲ ಒದ್ದೆ. ಹಿಮ್ಮಡಿ ಹತ್ತಿರ ಎರಡರಲ್ಲೂ ಉದ್ದಕ್ಕೆ ಸೀಳು. ಅಯ್ಯೋ ಕೂಸೇ, ಷೂ ಹಾಳಾಗಿದೆ, ಹೆದರಿ ಯಾರಿಗೂ ಹೇಳಿಲ್ಲ ಅಂದ್ಕೊಂಡೆ. ಅವಳು ಕ್ಲಾಸಿಗೆ ಹೋಗಿದ್ಲು, ನಿಮ್ಮಮ್ಮ ಮಾರ್ಕೆಟ್ಟಿಗೆ ಹೋಗಿದ್ಲು. ಬುದ್ಧಿ ಹೇಳೋರು ಮನೇಲಿ ಯಾರೂ ಇಲ್ಲ. ಮೆಟ್ಟಿಲ ಕೆಳಗಿನ ನನ್ನ ಹಳೇ ಸಾಮಾನಿನ ಪೆಟ್ಟಿಗೆ ತೆಗೆದೆ.

ಆಹಾ, ಏನು ಕೆಲಸ ಅಂತೀಯ! ಮೇಣದ ದಾರದಲ್ಲಿ ಆ ಸೀಳಿಗೆ ಎರಡು ಸುತ್ತು ಹೊಲಿಗೆ ಹಾಕಿದೆ. ಜಜ್ಜಿ ಹೋದ ಮೂತಿಗೆ ಅಂಟು ಸುರಿದು ಕಲ್ಲು ಮಾಡಿದೆ. ಬಗ್ಗಿದ ನಡುವಿಗೆ ಒಳಗಿಂದ ಕಬ್ಬಿಣದ ಪಟ್ಟಿ. ಜಾರಿ ಬಿದ್ದಾಳು ಅಂತ ಕೆಳಗೆ ದಪ್ಪ ರಬ್ಬರ್ ಸೋಲ್. ಅದನ್ನ ಹಾಕ್ಕೊಂಡು ಬೆಟ್ಟ ಹತ್ತಬಹುದಿತ್ತು. ಬುಗುರಿ ಬಂದು ಷೂ ಎಲ್ಲಿ ಅಂತ ಹುಡುಕಿದಾಗ, "ಒಣಗಿಸಿ ಬ್ಯಾಗಿಗೆ ಹಾಕಿದ್ದೀನಿ, ಪರೀಕ್ಷೆ ದಿನಾನೇ ತೆಗಿ. ಒಂದು ಆಶ್ಚರ್ಯ ಇದೆ" ಅಂದೆ. ನನ್ನ ಆಶ್ಚರ್ಯಗಳ ಪರಿಚಯ ಇರೋ ಹುಡುಗಿ, ಪಾಪ, ನಕ್ಕು ಸುಮ್ಮನಾದ್ಲು. ಬ್ಯಾಗಲ್ಲಿ ಮೇಲ್ಗಡೆ ನನ್ನ ಒಂಟಿ ಗಂಬೂಟು ಇಟ್ಟಿದ್ದೆ, ಅದು ತಮಾಷೆಗೆ. ಅದರ ಕೆಳಗೆ ಷೂ, ಅದು ಪ್ರೀತಿಗೆ.

ಶಾಲೆ ಅಂದ್ರೆ ಉದ್ದಾನುದ್ದ ಕಾರಿಡಾರು. ಗೋಡೆ ತುಂಬ ಹುಡುಗೀರು, ಹುಡುಗೀರಿಗಿಂತ ಹೆಚ್ಚು ಕಾಲು. ಒಬ್ಬಳ ಕಾಲು ಕಿಟಕಿ ಮೇಲೆ, ಇನ್ನೊಬ್ಬಳದ್ದು ಅವಳ ಕಿವಿ ಹತ್ತಿರ. "ಇವರಿಗೆಲ್ಲ ಮೂಳೆ ಇಲ್ವೇನ್ರೀ?" ಅಂತ ನಿಮ್ಮಮ್ಮ ಪಿಸುಗುಟ್ಟಿದ್ಲು. ಮೇಜಿನ ಹಿಂದೆ ಹೆಸರು ಬರ್ಕೊಳ್ತಾ ಇದ್ದೋಳ ಹತ್ರ ಹೋಗಿ, "ನನಗೂ ಒಂದು ನಂಬರ್ ಕೊಡಿ ತಾಯಿ, ಹನ್ನೆರಡು ತುಂಬಿ ಕೆಲವು ದಿನ ಆಗಿದೆ" ಅಂದೆ. ಅವಳು ತಲೆ ಎತ್ತದೆ, "ಕಾಲು ಎತ್ತಿ ತೋರಿಸಿ" ಅಂದ್ಲು. ನನಗಿಂತ ಪಾಕಡಾ! ಅಲ್ಲಿಂದ ಕಾಲ್ಕಿತ್ತೆ.

ಬುಗುರಿ ಬ್ಯಾಗ್ ತೆಗೆದ್ಲು. ಗಂಬೂಟು ಬಂತು. ಇಡೀ ಕಾರಿಡಾರ್ ನಗ್ತು, ಅವಳೂ ಹೊಟ್ಟೆ ಹಿಡ್ಕೊಂಡು ನಕ್ಕಳು. ಆಮೇಲೆ ಷೂ ತೆಗೆದ್ಲು. ನಗು ನಿಂತ್ಹೋಯ್ತು. ಬಗ್ಗಿಸಿ ನೋಡಿದ್ಲು, ಬಗ್ಗಲಿಲ್ಲ. ನೆಲಕ್ಕೆ ತಟ್ಟಿದ್ಲು, ಕುದುರೆ ಬಂದ ಹಾಗೆ ಸದ್ದಾಯ್ತು. ಉಗುರಲ್ಲಿ ನನ್ನ ಹೊಲಿಗೆ ಬಿಡಿಸೋಕೆ ನೋಡಿದ್ಲು. ನನ್ನ ಹೊಲಿಗೆ ಯಾವತ್ತು ಬಿಟ್ಟಿದೆ ಹೇಳು!

"ತಾತ... ಏನ್ ಮಾಡಿದೆ?"

"ಗಟ್ಟಿ ಮಾಡಿದೆ ಪುಟ್ಟೀ" ಅಂದೆ. ನನ್ನ ದನಿ ಮಾತ್ರ ಗಟ್ಟಿ ಇರಲಿಲ್ಲ. ಅವಳ ಹಳೇ ಜೊತೆ ಮನೇಲೇ ಉಳಿದಿತ್ತು.

ಅಷ್ಟೊತ್ತಿಗೆ ಅವಳ ಟೀಚರ್ ಬಂದ್ರು. ನಾನು ಕೊಕ್ಕರೆ ಟೀಚರ್ ಅಂತೀನಲ್ಲ, ಮಾತಾಡುವಾಗ್ಲೂ ಒಂಟಿಕಾಲಲ್ಲಿ ನಿಲ್ತಾರಲ್ಲ, ಅವರು. ಷೂ ತಿರುಗಿಸಿ ತಿರುಗಿಸಿ ನೋಡಿ, "ಯಜಮಾನ್ರೇ, ಹೊಸ ಷೂ ಕಲ್ಲಿನ ಹಾಗಿರುತ್ತೆ. ನಾವೇ ಅದನ್ನ ಬಾಗಿಲ ಸಂದೀಲಿಟ್ಟು ಅದುಮ್ತೀವಿ, ಸುತ್ತಿಗೇಲಿ ಬಡೀತೀವಿ, ನೀರು ಚಿಮುಕಿಸಿ ಬಗ್ಗಿಸ್ತೀವಿ. ಕಾಲಿನ ಮಾತು ಕೇಳೋ ತನಕ ಬಿಡಲ್ಲ. ನೀವು ಎಲ್ಲಾನೂ ವಾಪಸ್ ಮಾಡಿದ್ದೀರ" ಅಂದ್ರು.

"ಮದುವೆ ಆದ ಹೊಸದ್ರಲ್ಲಿ ನನ್ನನ್ನೂ ಹೀಗೇ ಬಡಿದು ಬಗ್ಗಿಸಿದ್ರು" ಅಂತ ನಿಮ್ಮಮ್ಮನ ಕಡೆ ನೋಡಿದೆ. ಯಾರೂ ನಗಲಿಲ್ಲ. ನಿಮ್ಮಮ್ಮ ಅಂತೂ, "ರೀ, ಇನ್ನೊಂದು ಮಾತಾಡಿದ್ರೆ ಆ ಸೋಲ್ ನಿಮ್ಮ ಬಾಯಿಗೆ ಅಂಟಿಸ್ತೀನಿ" ಅಂದ್ಲು. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನಮ್ಮ ಬುಗುರಿಗೆ ನೆಲ ನೆಟ್ಟಗಿತ್ತು, ಕಾಲೂ ನೆಟ್ಟಗಿತ್ತು, ತಾತ ಒಬ್ಬನೇ ಡೊಂಕು. ಜೀವಮಾನ ಎಲ್ಲ ಊರಿಗೆ ಸೋಲ್ ಹಾಕಿ ಬದುಕಿದೋನು, ಮೊಮ್ಮಗಳ ತಲೆಗೆ ಸೋಲು ಕಟ್ಟಿಬಿಟ್ಟೆನಲ್ಲ ಅಂತ ಗೋಡೆಗೆ ಒರಗಿ ನಿಂತೆ. ಬಾಯಲ್ಲಿ ಜೋಕು ಬತ್ತಿ ಹೋಯ್ತು ಕಣೇ. ನನ್ನ ಬಾಯಿ ನೀನು ಬಲ್ಲೆ, ಅದು ಎಂಥ ಸ್ಥಿತಿ ಅಂತ ಅಂದಾಜು ಮಾಡ್ಕೋ.

ಒಳಗಿಂದ ಒಂದು ಹುಡುಗಿ ಬೆವರು ಒರೆಸ್ಕೊಂಡು ಹೊರಗೆ ಬಂದ್ಲು. ಸೋಡಾಬುಡ್ಡಿ ಕನ್ನಡಕ, ಮೂಗಿನ ಮೇಲೆ ಪ್ಲಾಸ್ಟರು. ಅವಳ ಸರದಿ ಮುಗಿದಿತ್ತು. ಎಲ್ಲರ ಮುಖ ನೋಡಿದ್ಲು, ಷೂ ನೋಡಿದ್ಲು, ನೆಲದ ಮೇಲೆ ಕೂತು ತನ್ನ ಷೂ ಬಿಚ್ಚೋಕೆ ಶುರು ಮಾಡಿದ್ಲು.

"ತಗೋ. ಬಿಸಿ ಇದೆ, ಸ್ವಲ್ಪ ವಾಸನೇನೂ ಇದೆ."

"ನಿನ್ನ ಜಾಗ ನನಗೆ ಸಿಕ್ಕಿಬಿಟ್ರೆ?" ಅಂದ್ಲು ಬುಗುರಿ. ಯಾವಾಗ್ಲೂ ನೇರ ಮಾತು, ನಿನ್ನ ಹಾಗೇ.

"ನನ್ನ ಜಾಗ ನಾನು ಆಗ್ಲೇ ಒಳಗೆ ತಗೊಂಡಾಯ್ತು. ನಿಂದು ನೀನು ತಗೋ ಹೋಗು."

ಅದು ಇವಳ ಕಾಲಿಗೆ ಹೇಳಿ ಮಾಡಿಸಿದ ಹಾಗೆ ಕೂತ್ಕೊಳ್ತು.

ಕೊಕ್ಕರೆ ಟೀಚರನ್ನ ಬಿಟ್ಟು ಯಾರನ್ನೂ ಒಳಗೆ ಬಿಡಲಿಲ್ಲ. ಬಾಗಿಲಲ್ಲಿ ಒಂದು ತಟ್ಟೆ ಗಾತ್ರದ ಗಾಜು, ಅದೂ ಎತ್ತರದಲ್ಲಿ. ನಿಮ್ಮಮ್ಮ ಮಂಡಿ ಮರೆತು ತುದಿಗಾಲಲ್ಲಿ ನಿಂತು ನೋಡಿದ್ಲು. "ನೀನೂ ಸೇರ್ಕೋ" ಅಂದೆ. "ಸರೀರಿ ಆಚೆ, ಕೈ ಎತ್ತಿದಾಳೆ" ಅಂತ ಮೊಣಕೈಲಿ ತಿವಿದ್ಲು. ನಾನು ಅವಳ ತಲೆ ಮೇಲಿಂದ ಇಣುಕಿದೆ.

ಪಿಯಾನೋ ಶುರು ಆಯ್ತು. ಬುಗುರಿ ಸುಮ್ಮನೆ ನಿಂತಿದ್ಲು, ಮನೇಲಿ ಎಂದೂ ನಿಲ್ಲದ ಹುಡುಗಿ. ಆಮೇಲೆ ಒಂದು ಹಿಮ್ಮಡಿ ನೆಲ ಬಿಡ್ತು, ಇನ್ನೊಂದೂ ಬಿಡ್ತು. ಏನು ಹೇಳಲಿ? ನಾನು ನೋಡಿದ ಷೂಗಳೆಲ್ಲ ನೆಲ ತುಳಿದು ತುಳಿದು ಸವೆದು ನನ್ನ ಹತ್ರ ಬಂದಿದ್ದವು. ನೆಲದ ಹಂಗೇ ಬೇಡ ಅನ್ನೋ ಷೂ ಅವತ್ತೇ ನೋಡಿದ್ದು. ಒಂದು ಕಡೆ ತಿರುಗುವಾಗ ಸ್ವಲ್ಪ ವಾಲಿದ್ಲು. ನಿಮ್ಮಮ್ಮ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡ್ಲು. ಹುಡುಗಿ ಬೀಳಲಿಲ್ಲ, ಆ ವಾಲಿದ್ದನ್ನೇ ಕುಣಿತ ಮಾಡ್ಕೊಂಡು ಮುಂದೆ ಹೋದ್ಲು. ನಿಮ್ಮಮ್ಮ ಕೈ ಬಿಡಲಿಲ್ಲ. ಬಾಗಿಲು ತೆಗೆಯೋ ತನಕ ಹಾಗೇ ನಿಂತಿದ್ವಿ. ಯಾರಾದ್ರೂ ನೋಡಿದ್ರೆ ಹೊಸ ಜೋಡಿ ಅಂದ್ಕೋಬೇಕಿತ್ತು.

ಕುಣಿದ ಮೇಲೆ ಒಳಗೆ ಪರೀಕ್ಷೆ ಮಾಡೋಕೆ ಕೂತಿದ್ದ ಮೂವರಲ್ಲಿ ಕತ್ತಿಗೆ ಸ್ಕಾರ್ಫ್ ಸುತ್ಕೊಂಡಿದ್ದ ಗಂಡಸು, "ಯಾಕಮ್ಮಾ ಬ್ಯಾಲೆ ಕಲೀಬೇಕು ನೀನು?" ಅಂತ ಕೇಳಿದ್ನಂತೆ. ಉಳಿದ ಮಕ್ಕಳೆಲ್ಲ ಕಲೆ, ಸೌಂದರ್ಯ ಅಂತ ಬಾಯಿಪಾಠ ಒಪ್ಪಿಸಿದ್ರಂತೆ. ನಮ್ಮದು ಹೇಳ್ತಂತೆ, "ಕೂತ್ಕೊಂಡ್ರೆ ನನಗೆ ಯೋಚನೆ ಬರುತ್ತೆ. ತಿರುಗಿದ್ರೆ ಹೋಗುತ್ತೆ." ಆತ ಪೆನ್ನು ಕೆಳಗಿಟ್ಟು, "ನಮಗೂ ಹಾಗೇ" ಅಂದ್ನಂತೆ. ಇದೆಲ್ಲ ಕೊಕ್ಕರೆ ಟೀಚರ್ ವರದಿ.

ಬುಗುರಿ ಪಾಸು. ಸೇರಿಸ್ಕೊಂಡಿದ್ದಾರೆ. ಶಾಲೆಯವರ ಕಾಗದ ನಿನ್ನೆ ಬಂತು.

ನೋಡು, ಎಲ್ಲಿ ಬಚ್ಚಿಟ್ಟಿದ್ದೆ! ಈಗ ಬೇಕಾದ್ರೆ ಹಡಗಿನ ತುಂಬ ಕೂಗು. ಆದ್ರೆ ಕ್ಯಾಪ್ಟನ್ ಹೆದರಿ ಲಂಗರು ಹಾಕಿಬಿಟ್ಟಾನು, ನೋಡ್ಕೋ. ಕಾಗದ ಓದಿದ ಮೇಲೆ ಬುಗುರಿ ಅಡುಗೆಮನೇಲಿ ತಿರುಗಿದ ರಭಸಕ್ಕೆ ಎರಡು ಕಪ್ಪು, ಒಂದು ಹೂಜಿ ಹೋದವು. ನಿಮ್ಮಮ್ಮ ಬೈಯ್ಯಲೇ ಇಲ್ಲ. ಕಸಬರಿಕೆ ಹಿಡ್ಕೊಂಡು ಅವಳೂ ಅರ್ಧ ಸುತ್ತು ತಿರುಗಿದ್ಲು, ನನ್ನ ಕಣ್ಣಾಣೆ. ಆ ಸೋಡಾಬುಡ್ಡಿ ಹುಡುಗೀದೂ ಆಗಿದೆ. ಇಬ್ಬರೂ ಒಂದೇ ಬಸ್ಸಲ್ಲಿ ಹೋಗ್ತಾರಂತೆ, ಮನೆಯಿಂದ್ಲೇ. ನನ್ನ ಕಬ್ಬಿಣದ ಷೂ ಸುದ್ದಿ ಶಾಲೆಯೆಲ್ಲ ಹರಡಿದೆ. ಅದನ್ನ ಕೊಕ್ಕರೆ ಟೀಚರ್ ಈಗ ಕ್ಲಾಸಿನ ಬಾಗಿಲಿಗೆ ಅಡ್ಡ ಇಡ್ತಾರೆ. ಎಂಥ ಗಾಳಿಗೂ ಬಾಗಿಲು ಅಲ್ಲಾಡಲ್ಲವಂತೆ. ಅಂತೂ ನನ್ನ ಕಸುಬಿಗೆ ಮರ್ಯಾದೆ ಸಿಕ್ತು.

ಹೊತ್ತು ಹೊತ್ತಿಗೆ ಊಟ ಮಾಡು. ಇಸ್ತ್ರಿ ಹತ್ರ ಕೈ ಜೋಪಾನ. ನಿನ್ನ ಹಡಗಿಗೆ ಒಳ್ಳೇ ಗಾಳಿ ಸಿಗಲಿ, ನಿನ್ನ ಬೆಡ್‌ಶೀಟಿಗೆ ಒಳ್ಳೇ ಬಿಸಿಲು ಸಿಗಲಿ, ನಿನಗೆ ಕಣ್ತುಂಬ ನಿದ್ದೆ ಸಿಗಲಿ. ನಿಮ್ಮಮ್ಮ ಇಲ್ಲೇ ನಿಂತು, "ನಂದೂ ಆಶೀರ್ವಾದ ಬರೀರಿ, ಬರೀ ನಿಮ್ಮ ಪುರಾಣಾನೇ ಆಯ್ತು" ಅಂತಿದ್ದಾಳೆ. ಅವಳದ್ದೂ ಸೇರಿಸ್ಕೋ, ಅದು ನನ್ನದಕ್ಕಿಂತ ಫಲಿಸುತ್ತೆ.

ಇಂತಿ,
ನಿನ್ನ ಡೊಂಕು ಅಪ್ಪ

ಮರೆತಿದ್ದೆ: ಬಾಗಿಲ ಸಂದಿ, ಸುತ್ತಿಗೆ, ನೀರು ಅಂತೆಲ್ಲ ಕೊಕ್ಕರೆ ಟೀಚರ್ ಹೇಳಿದ್ರಲ್ಲ, ಅದರಲ್ಲಿ ಕತ್ತರಿ ಇರಲಿಲ್ಲ. ಬಸ್ಸಲ್ಲಿ ವಾಪಸ್ ಬರುವಾಗ ಕೇಳಿದೆ, "ಹಿಮ್ಮಡಿ ಹತ್ರ ಯಾಕೆ ಸೀಳಿದ್ದೆ ಪುಟ್ಟೀ?" ಕಿಟಕಿ ಕಡೆ ತಿರುಗ್ಕೊಂಡೇ ಹೇಳಿದ್ಲು. ಆ ಷೂ ಅವಳಿಗೆ ಎರಡು ಸೈಜು ಚಿಕ್ಕದು ಮಗಳೇ. ಬಂದ ದಿನಾನೇ ಗೊತ್ತಾಗಿತ್ತಂತೆ. ಹೇಗಾದ್ರೂ ಕಾಲು ತುರುಕಿ ಅದರಲ್ಲೇ ಕುಣೀಬೇಕು ಅಂತಿದ್ಲು. "ಅಮ್ಮನ ಹತ್ರ ನನ್ನ ಹಳೇ ಕಾಲಿದೆ ತಾತ. ನೀನು ಹೇಳಬೇಡ, ಅಮ್ಮ ಅಳ್ತಾಳೆ" ಅಂದ್ಲು. ಊರಿನ ಕಾಲೆಲ್ಲ ಅಳೆದ ನಾನೇ ಒಂದೇ ಮನೇಲಿದ್ದು ಗಮನಿಸಲಿಲ್ಲ, ನಿನ್ನನ್ನ ಏನಂತ ಅನ್ನಲಿ? ನನ್ನ ದಡ್ಡತನ ಅವತ್ತು ಅವಳ ಕಾಲು ಉಳಿಸಿತು, ಅಷ್ಟೇ. ಈಗ ಮಾತು ತಪ್ಪಿ ನಿನಗೆ ಹೇಳಿದ್ದೀನಿ. ಅಳೋದಾದ್ರೆ ಅತ್ತುಬಿಡು. ಮನೆ ಚಪ್ಪಲಿ ಹೊಲಿಯೋಕೆ ಅಂತ ಸುಳ್ಳು ಹೇಳಿ, ಈ ಹಾಳೆ ಹಿಂಬದಿ ಮೇಲೆ ಅವಳನ್ನ ನಿಲ್ಲಿಸಿ ಪೆನ್ಸಿಲ್ಲಲ್ಲಿ ಪಾದ ಬರ್ಕೊಂಡಿದ್ದೀನಿ. ತಿರುಗಿಸಿ ನೋಡು. ಆದ್ರೆ ಇದು ನಿನ್ನ ಕೈ ಸೇರೋ ಹೊತ್ತಿಗೆ ಇದೂ ಚಿಕ್ಕದಾಗಿರುತ್ತೆ. ಅದಕ್ಕೇ ಮುಂದಿನ ಸಲ ಷೂ ಕಳಿಸಬೇಡ. ನೀನೇ ಬಂದು ಅಳತೆ ತಗೋ.