ಅರವತ್ತು ದಿನಗಳ ಸುಧಾರಣೆ

ಕ್ವಾರ್ಟರ್ಸ್ ಮನೆಯಿಂದ,
೧೪ನೇ ತಾರೀಖು, ಗುರುವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಜೈಲಿನ ನೆಲದ ಮೇಲೆ ಮಲಗಿ ಬೆನ್ನುನೋವು ಮತ್ತೆ ಶುರುವಾಗಿರಬೇಕು. ಒಳಗೆ ಬಿಡುತ್ತಾರೋ ಇಲ್ಲವೋ, ಮಾತ್ರೆ ಕಳಿಸಿದ್ದೇನೆ. ಊಟ ಬಿಡಬೇಡ, ಮುನಿಸಿಕೊಂಡು ತಟ್ಟೆ ತಳ್ಳಿದರೆ ರಮಿಸುವುದಕ್ಕೆ ಅಲ್ಲಿ ಅಕ್ಕ ಕೂತಿಲ್ಲ. ನಾನು ಚೆನ್ನಾಗಿದ್ದೇನೆ. ಮ್ಯಾನೇಜರನೂ ಚೆನ್ನಾಗಿದ್ದಾನೆ. ನೀನು ಮುರಿದ ದವಡೆಗೆ ತಂತಿ ಬಿಗಿದಿದ್ದಾರಂತೆ, ತಿಂಗಳು ಬಾಯಿ ತೆರೆಯುವಂತಿಲ್ಲವಂತೆ. ನಮ್ಮ ಶೆಡ್ಡಿಗೆ ಒಂದು ತಿಂಗಳು ಬೈಗುಳದಿಂದ ರಜೆ.

ಆಸ್ಪತ್ರೆಗೆ ಹೋಗಿ ಮೇಷ್ಟ್ರನ್ನು ನೋಡಿ ಬಂದೆ. ನಮಗಿಬ್ಬರಿಗೂ ತಗಡು ಒತ್ತುವ ಪ್ರೆಸ್ ಕಲಿಸಿದ ಮನುಷ್ಯ, ಇಪ್ಪತ್ತೆರಡು ವರ್ಷ ಡಬ್ಬಿಯ ಮುಚ್ಚಳ ಒತ್ತಿದ ಕೈ. ಮಣಿಕಟ್ಟಿನ ಕೆಳಗೆ ಈಗ ಏನೂ ಇಲ್ಲ. ಇಲ್ಲದ ಬೆರಳು ತುರಿಸುತ್ತದೆ ಎಂದು ಹಾಸಿಗೆಯ ಅಂಚು ಕೆರೆಯುತ್ತಿದ್ದರು. "ನಿನ್ನ ತಮ್ಮ ಸ್ಪ್ಯಾನರ್ ಹಿಡಿಯೋದು ಸರಿಯಾಗಿ ಕಲೀಲೇ ಇಲ್ಲ, ಆ ಮ್ಯಾನೇಜರನ ಹಲ್ಲು ಇನ್ನೂ ಉಳಿಸಿದಾನೆ" ಎಂದು ನಕ್ಕರು. ಆಮೇಲೆ ಗೋಡೆಯ ಕಡೆ ತಿರುಗಿಕೊಂಡರು.

ನಡೆದದ್ದನ್ನು ಮೊದಲಿನಿಂದ ಬರೆದಿಡಲು ವಕೀಲರು ಹೇಳಿದ್ದಾರೆ. ನಿನಗೂ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದು. ಮೇಷ್ಟ್ರೂ ಸೇರಿ ಹನ್ನೊಂದು ಜನ ಹಳಬರನ್ನು ಕಂಪನಿ ಹೊರಗೆ ಹಾಕಬೇಕಿತ್ತು. ಸುಮ್ಮನೆ ಹಾಕಿದರೆ ದುಡಿದಷ್ಟು ವರ್ಷಕ್ಕೆ ಸೆಟ್ಲ್‌ಮೆಂಟ್ ಕೊಡಬೇಕು. ಅದಕ್ಕೆ ಸುಧಾರಣಾ ಯೋಜನೆ ಎಂಬ ಕಾಗದ ಬಂತು. ಪಾಳಿಗೆ ಮೂರು ಸಾವಿರ ಮುಚ್ಚಳ ಒತ್ತುತ್ತಿದ್ದವರು ಅರವತ್ತು ದಿನ ನಾಲ್ಕೂವರೆ ಸಾವಿರ ಒತ್ತಿ ತೋರಿಸಬೇಕು. ಇಲ್ಲವಾದರೆ ಅಸಮರ್ಥರು, ಬರಿಗೈಯಲ್ಲಿ ಮನೆಗೆ. ನಮ್ಮ ಪ್ರೆಸ್ಸು ಎರಡೂ ಕೈಯಿಂದ ಎರಡು ಗುಂಡಿ ಒತ್ತಿದರೆ ಮಾತ್ರ ಇಳಿಯುತ್ತದೆ. ಕೈ ಅಚ್ಚಿನ ಕೆಳಗೆ ಸಿಗದಿರಲಿ ಎಂದೇ ಹಾಗೆ ಮಾಡಿದ್ದು. ಹಾಗೆ ಒತ್ತುತ್ತಾ ನಾಲ್ಕೂವರೆ ಸಾವಿರ ಯಾರ ಅಪ್ಪನಿಂದಲೂ ಆಗದು. ಒಂದು ಗುಂಡಿಯನ್ನು ದಾರದಿಂದ ಬಿಗಿದುಬಿಟ್ಟರೆ ಆಗುತ್ತದೆ: ಒಂದು ಕೈ ತಗಡು ಇಡುತ್ತದೆ, ಇನ್ನೊಂದು ಒತ್ತುತ್ತದೆ. ಇದು ಕಂಪನಿಗೆ ಗೊತ್ತಿತ್ತು. ಗೊತ್ತಿದ್ದೇ ಆ ಅಂಕಿ ಬರೆದರು. ಕೊಡಲಿಗೆ ಅವರಿಟ್ಟ ಹೆಸರು ಸುಧಾರಣೆ.

ಐವತ್ತೆರಡನೆಯ ದಿನ ಮೇಷ್ಟ್ರು ಕೂಗಲೂ ಇಲ್ಲ. ಪ್ರೆಸ್ಸಿನ ಸದ್ದು ಬೇರೆಯಾಗಿ ಕೇಳಿತು, ತಿರುಗಿ ನೋಡಿದೆ. ಮುಚ್ಚಳದ ಬುಟ್ಟಿಗೆ ರಕ್ತ ಸುರಿಯುತ್ತಿತ್ತು. ಮ್ಯಾನೇಜರ್ ಓಡಿ ಬಂದು ಫೋನ್ ತೆಗೆದ. ಆಂಬುಲೆನ್ಸಿಗೆ ಅಂದುಕೊಂಡೆ. ಅವನು ಗುಂಡಿಗೆ ಬಿಗಿದಿದ್ದ ದಾರದ ಫೋಟೊ ತೆಗೆದ. ನೆಲಕ್ಕೆ ಕುಸಿದಿದ್ದ ಮೇಷ್ಟ್ರು ಅಡ್ಡವಾದರೆಂದು ಬೂಟುಗಾಲಿನಿಂದ ಪಕ್ಕಕ್ಕೆ ನೂಕಿ ಇನ್ನೆರಡು ತೆಗೆದ. ಆಗ ನೀನು ಸ್ಪ್ಯಾನರ್ ಎತ್ತಿದೆ. ನಿನ್ನನ್ನು ಹಿಡಿಯಲು ನನಗೆ ಎರಡೇ ಹೆಜ್ಜೆ ಸಾಕಿತ್ತು. ಹಿಡಿಯಲಿಲ್ಲ. ಮೂಳೆ ಮುರಿದ ಸದ್ದು ಕೇಳಿ ನನಗೆ ಸಮಾಧಾನವಾಯಿತು. ಬರೆದೇಬಿಟ್ಟೆ, ಬೇಕಾದರೆ ವಕೀಲರು ಹೊಡೆದು ಹಾಕಲಿ.

ನಿನ್ನೆ ಕಂಪನಿಯವರು ಮನೆಗೆ ಬಂದಿದ್ದರು. ನಾಳೆ ನಿನ್ನ ಹತ್ತಿರ ಬರುತ್ತಾರೆ, ಅದಕ್ಕೇ ಈ ಪತ್ರ ಇವತ್ತೇ ವಕೀಲರ ಕೈಯಲ್ಲಿ ಕಳಿಸುತ್ತಿದ್ದೇನೆ. ಮೇಷ್ಟ್ರು ತಾವಾಗಿಯೇ ದಾರ ಕಟ್ಟಿಕೊಂಡದ್ದನ್ನು ಕಣ್ಣಾರೆ ಕಂಡೆ ಎಂದು ನೀನು ಸಹಿ ಹಾಕಬೇಕಂತೆ. ಹಾಕಿದರೆ ಕೇಸು ವಾಪಸು, ನಿನ್ನ ಒಂಬತ್ತು ವರ್ಷದ ಸೆಟ್ಲ್‌ಮೆಂಟ್ ಪೂರ್ತಿ. ಮೇಷ್ಟ್ರಿಗೆ ಮಾತ್ರ ಹೋದ ಕೈಗೂ ದುಡ್ಡಿಲ್ಲ, ಇಪ್ಪತ್ತೆರಡು ವರ್ಷಕ್ಕೂ ಇಲ್ಲ. "ಅಕ್ಕ ಅಂತ ನೀವೇ ಸ್ವಲ್ಪ ಬುದ್ಧಿ ಹೇಳಿ" ಅಂದರು. ಹೇಳುತ್ತಿದ್ದೇನೆ: ಆ ಕಾಗದಕ್ಕೆ ಸಹಿ ಹಾಕಿದರೆ ಈ ಮನೆಯ ಮೆಟ್ಟಿಲು ಹತ್ತಬೇಡ.

ಗಟ್ಟಿಯಾಗಿರು. ಜೊತೆಗಿರುವವರಿಗೆ ನನ್ನ ನಮಸ್ಕಾರ ಹೇಳು.

ಇಂತಿ,
ನಿನ್ನನ್ನು ಎತ್ತಿ ಆಡಿಸಿದ ಅಕ್ಕ

ತಾ.ಕ.: ಯೋಜನೆ ಶುರುವಾದ ದಿನ ನೀನು ರಜೆಯಲ್ಲಿದ್ದೆ, ನಿನಗೆ ಗೊತ್ತಿಲ್ಲ. ಆ ದಾರ ಕಟ್ಟಿದವಳು ನಾನು. ಮೇಷ್ಟ್ರು ಬೇಡವೆಂದರು. ಮ್ಯಾನೇಜರ್ ದಾರದ ಉಂಡೆ ನನ್ನ ಕೈಗಿಟ್ಟು, "ನೀನು ಕಟ್ಟು, ನಿನಗೆ ಆ ಕಾಗದ ಬರಲ್ಲ" ಅಂದ. ಕಟ್ಟಿದೆ. ಎಳೆದು ನೋಡಿ ಇನ್ನೊಂದು ಗಂಟು ಹಾಕಿದೆ. ಮೇಷ್ಟ್ರು ಇದನ್ನು ಯಾರಿಗೂ ಹೇಳಿಲ್ಲ. ಇವತ್ತು ಬೆಳಿಗ್ಗೆ ಠಾಣೆಗೆ ಹೋಗಿ, ದಾರ ಕೊಟ್ಟವನ ಹೆಸರು, ಕಟ್ಟಿದವಳ ಹೆಸರು ಎರಡನ್ನೂ ಬರೆದುಕೊಟ್ಟು ಬಂದೆ. ಸೋಮವಾರ ಕೋರ್ಟಿನಲ್ಲಿ ನಿನ್ನೆದುರೇ ಹೇಳುತ್ತೇನೆ. ಆಗ ತಲೆ ತಗ್ಗಿಸಬೇಡ, ನನ್ನ ಮುಖ ನೋಡು.