ಹೆಸರಿನ ಮುಂದೆ ಎರಡಕ್ಷರ

ಸೆಪ್ಟೆಂಬರ್ 2, 2025. ಮಂಗಳವಾರ. ಬೆಳಿಗ್ಗೆ 5.40

ಹದಿನಾಲ್ಕನೇ ಲೆಕ್ಕ ಮತ್ತೆ ತಪ್ಪು. ಮೂರನೇ ಸಲ. ಏರು ಮುಗಿದು ಇಳಿಜಾರು ಶುರುವಾಗುವ ಕಡೆ, ಡ್ರೈವರ್‌ಗೆ ಎಷ್ಟು ದೂರದ ರಸ್ತೆ ಕಾಣಬೇಕು — ಅಷ್ಟೇ ಪ್ರಶ್ನೆ. ಸೂತ್ರ ಬಾಯಿಪಾಠ. ಅಡಿಯಲ್ಲಿ ಕೊಟ್ಟದ್ದನ್ನು ಮೀಟರ್ ಅಂದುಕೊಂಡು ಮಾಡಿದೆ. ಧಾರವಾಡದಲ್ಲಿ ಕಲಿತದ್ದು ಮೀಟರ್, ಇಲ್ಲಿ ಹಾಲೆಂಡಿನ ನ್ಯೂವೆಗೈನ್ ಆಫೀಸಿನಲ್ಲಿ ಆರು ವರ್ಷದಿಂದ ಮೀಟರ್. ಅಮೆರಿಕದವರ ಪರೀಕ್ಷೆಗೆ ಮಾತ್ರ ಅಡಿ, ಮೈಲಿ. ತಲೆ ಕೇಳುತ್ತದೆ, ಕೈ ಕೇಳುವುದಿಲ್ಲ.

ಇನ್ನು ಮೂವತ್ತಾರು ದಿನ. ಎಂಬತ್ತು ಪ್ರಶ್ನೆ, ಎಂಟು ಗಂಟೆ. ಪಾಸಾದರೆ ಪಿ.ಇ., ಅಂದರೆ ಪ್ರೊಫೆಷನಲ್ ಇಂಜಿನಿಯರ್ ಲೈಸೆನ್ಸಿಗೆ ಅರ್ಜಿ. ಲೈಸೆನ್ಸ್ ಬಂದರೆ ಜನವರಿಯಿಂದ ಅಮೆರಿಕ ಪ್ರಾಜೆಕ್ಟಿನ ಲೀಡ್ ನಾನು. ಆರು ವರ್ಷದಿಂದ ನಾನು ಗೀಚಿದ ಜಂಕ್ಷನ್ನುಗಳಿಗೆಲ್ಲ ಬೇರೆ ಯಾರದೋ ಸಹಿ. ಒಂದಕ್ಕಾದರೂ ನನ್ನ ಸಹಿ ಬೀಳಬೇಕು. ಅಷ್ಟು ಆಸೆ ತಪ್ಪೇ?

ಮಗಳು ಇಂಚರಾ ಎದ್ದಳು. ಟಿಫಿನ್ ಬಾಕ್ಸ್ ತೊಳೆದೇ ಇಲ್ಲ.

ಸೆಪ್ಟೆಂಬರ್ 7. ಭಾನುವಾರ

ಅಪ್ಪನ ವಿಡಿಯೋ ಕಾಲ್. ಹುಬ್ಬಳ್ಳಿಯಲ್ಲಿ ತಂಗಿ ನಿಖಿತಾಳ ಮದುವೆ ಗಡಿಬಿಡಿ. ಬೈಪಾಸ್ ಆಪರೇಷನ್ ಆಗಿ ಐದು ತಿಂಗಳು, ಆಗಲೇ ಮಂಟಪದವನ ಜೊತೆ ಜಗಳಕ್ಕೆ ನಿಂತಿದ್ದಾರೆ. ಪಕ್ಕದಲ್ಲಿ ಯಾರೋ ಮನೆಗೆ ಬಂದವರು. ಅವರಿಗೆ ಫೋನ್ ತೋರಿಸಿ, "ಇಕೀ ನೋಡ್ರಿ ನಮ್ಮ ದೊಡ್ಡಾಕಿ. ಅಮೆರಿಕಾದ ಪರೀಕ್ಷಾ ಪಾಸ್ ಮಾಡ್ಯಾಳ," ಎಂದರು.

ನಕ್ಕೆ. ಏನು ಮಾಡಲಿ.

ಇಲ್ಲಾದರೂ ನಿಜ ಬರೆಯುತ್ತೇನೆ. ಏಪ್ರಿಲ್‌ನಲ್ಲಿ ಫೇಲಾದೆ. ರಿಸಲ್ಟಿನ ಮೇಲ್ ಬಂದದ್ದು ಹುಬ್ಬಳ್ಳಿಯ ಆಸ್ಪತ್ರೆಯ ಪ್ಯಾಸೇಜಿನಲ್ಲಿ. ಅಪ್ಪನನ್ನು ಸ್ಟ್ರೆಚರ್ ಮೇಲೆ ಥಿಯೇಟರಿಗೆ ತಳ್ಳಿಕೊಂಡು ಹೊರಟಿದ್ದರು. ನನ್ನ ಕೈ ಹಿಡಿದು, "ರಿಸಲ್ಟ್ ಬಂತೇನವಾ?" ಎಂದರು. "ಪಾಸ್ ಅಪ್ಪಾ" ಎಂದೆ. ಆ ಮುಖ ನೋಡಿ ಬೇರೇನೂ ಹೇಳಲಿಕ್ಕೆ ಬಾಯಿ ಬರಲಿಲ್ಲ. ಆಮೇಲೆ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಅವರು ಐಸಿಯು ನರ್ಸಿಗೂ ಹೇಳಿ ಮುಗಿಸಿದ್ದರು.

ಗೊತ್ತಿರುವುದು ನನ್ನ ಗಂಡ ಶರಣ್‌ಗೆ ಮಾತ್ರ. "ಹೇಳಿಬಿಡ ಒಮ್ಮೆ. ಯಾಕ ಒಣಾ ತ್ರಾಸ ಮಾಡ್ಕೊಂತಿ," ಎನ್ನುತ್ತಾನೆ. ಅವನಿಗೇನು. ಈ ಸಲ ಪಾಸಾದರೆ ಸುಳ್ಳು ತಾನಾಗಿ ನಿಜವಾಗುತ್ತದೆ. ಅದೊಂದೇ ದಾರಿ.

ಸೆಪ್ಟೆಂಬರ್ 14. ಭಾನುವಾರ

ಮಾಕ್ ಟೆಸ್ಟ್. ಎಂಬತ್ತಕ್ಕೆ ನಲವತ್ತೊಂಬತ್ತು. ಸಾಲದು.

ಎಡಕ್ಕೆ ತಿರುಗುವ ಗಾಡಿಗಳ ಲೆಕ್ಕದಲ್ಲಿ ನಾಲ್ಕು ತಪ್ಪು. ಊರಲ್ಲಿ ಎಡಕ್ಕೆ ತಿರುಗುವುದೆಂದರೆ ಆರಾಮ, ಯಾರನ್ನೂ ದಾಟಬೇಕಿಲ್ಲ. ಬಲಗಡೆ ಓಡಿಸುವ ದೇಶದಲ್ಲಿ ಅದೇ ಎಡ ತಿರುವು ಎದುರಿನ ಗಾಡಿಗಳನ್ನೆಲ್ಲ ಸೀಳಿಕೊಂಡು ಹೋಗಬೇಕು. ದಿನಾ ಸೈಕಲ್ ಹೊಡೆಯುವಾಗ ಗೊತ್ತಿರುತ್ತದೆ. ಗಡಿಯಾರ ಓಡತೊಡಗಿದ ಕೂಡಲೇ ನಾನು ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನಲ್ಲಿ ಅಪ್ಪನ ಸ್ಕೂಟರ್ ಹಿಂದೆ ಕೂತುಬಿಡುತ್ತೇನೆ. ಇನ್ನು ಮೇಲೆ ಪ್ರತಿ ಲೆಕ್ಕಕ್ಕೂ ಮೊದಲು ಬಾಣದ ಗುರುತು. ಆಮೇಲೆ ಸೂತ್ರ.

ಇಂಚರಾ ಬಾಗಿಲಲ್ಲಿ ನಿಂತು, "ಮಾಮಾ, ಬೆನ್ ಯೆ ಕ್ಲಾರ್?" ಎಂದಳು. ಡಚ್ಚಿನಲ್ಲಿ, ಅಮ್ಮಾ ಮುಗಿಯಿತಾ ಅಂತ. ಇಲ್ಲ ಕಂದ.

ಸೆಪ್ಟೆಂಬರ್ 27. ಶನಿವಾರ

ಮದುವೆ ಕಾರ್ಡಿನ ಪಿಡಿಎಫ್ ಬಂತು. ಲೈಬ್ರರಿಗೆ ಹೋಗುವ ಟ್ರಾಮಿನಲ್ಲೇ ನೋಡಿದೆ. ಮೊದಲ ಪುಟದಲ್ಲಿ ಬಸವಣ್ಣ, ನಿಖಿತಾ ಹೆಸರು, ಮುಹೂರ್ತ, ಮಂಟಪ. ಚೆಂದ ಇದೆ. ನಮ್ಮ ಆಫೀಸಿನ ಕೇಶವ ಸರ್ ಮದುವೆಯ ವಾರ ರಜೆಗೆ ಊರಲ್ಲೇ ಇರುತ್ತಾರಂತೆ, ಅವರಿಗೂ ಇನ್ನಿಬ್ಬರಿಗೂ ಅಲ್ಲಿಂದಲೇ ಫಾರ್ವರ್ಡ್ ಮಾಡಿದೆ. ಒಂದು ಕೆಲಸ ಮುಗಿಯಿತು.

ಸಿಗ್ನಲ್ ಟೈಮಿಂಗ್ — ಹತ್ತಕ್ಕೆ ಒಂಬತ್ತು ಸರಿ! ಕೈ ಪಳಗುತ್ತಿದೆ.

ಸೆಪ್ಟೆಂಬರ್ 29. ಸೋಮವಾರ. ಮಧ್ಯಾಹ್ನ 1.15

ಆಫೀಸಿನ ಬಾತ್‌ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ.

ಕೇಶವ ಸರ್ ಕರೆದರು. ಮೈಸೂರಿನವರು, ಇಪ್ಪತ್ತು ವರ್ಷ ಅಮೆರಿಕದಲ್ಲಿದ್ದು ಬಂದವರು, ನಮ್ಮ ಆಫೀಸಿನಲ್ಲಿ ಪಿ.ಇ. ಇರುವ ಒಬ್ಬರೇ. ನನ್ನ ಅರ್ಜಿಗೆ ಶಿಫಾರಸು ಅವರದೇ ಆಗಬೇಕು. ಮೀಟಿಂಗ್ ರೂಮಿನ ಬಾಗಿಲು ಹಾಕಿ ಫೋನ್ ನನ್ನ ಕಡೆ ತಿರುಗಿಸಿದರು. ಕಾರ್ಡಿನ ಕೊನೆಯ ಪುಟ. ಸುಖಾಗಮನ ಬಯಸುವವರು. ನಾಲ್ಕನೇ ಸಾಲು —

ಸೌ. ಸ್ಮಿತಾ ಶರಣ್, ಬಿ.ಇ., ಎಂ.ಟೆಕ್., ಪಿ.ಇ., ಅಮೆರಿಕ.

"ಇದು ಯಾವಾಗ ಆಯ್ತು ಸ್ಮಿತಾ?"

"ಸರ್, ನಮ್ಮ ಕಡೆ ಕಾರ್ಡಲ್ಲಿ ಡಿಗ್ರಿ ಹಾಕಿಸ್ತಾರೆ... ಅಪ್ಪ ಹಾಕಿಸಿರಬೇಕು."

"ಮೈಸೂರಲ್ಲೂ ಹಾಕಿಸ್ತಾರೆ. ಇದು ಡಿಗ್ರಿ ಅಲ್ಲ, ಲೈಸೆನ್ಸು. ಪರೀಕ್ಷೆ ಪಾಸಾದ್ರೂ ಲೈಸೆನ್ಸ್ ಕೈಗೆ ಬರೋವರೆಗೆ ಹಾಕ್ಕೊಳ್ಳೋ ಹಾಗಿಲ್ಲ. ನೀವು ಪಾಸೂ ಆಗಿಲ್ಲ. ಅರ್ಜಿಯಲ್ಲಿ ನೇರವಾಗಿ ಕೇಳ್ತಾರೆ, ಲೈಸೆನ್ಸ್ ಇಲ್ಲದೆ ಈ ಹೆಸರು ಎಲ್ಲಾದ್ರೂ ಬಳಸಿದ್ದೀರಾ ಅಂತ. ನೀವು ಇಲ್ಲ ಅಂತ ಬರೆದ್ರೆ ನಾನು ಸಹಿ ಹೇಗೆ ಹಾಕ್ಲಿ? ನೋಡಿದೀನಲ್ಲ."

ಫೋನನ್ನು ಅವರ ಕಡೆ ತಳ್ಳಿದೆ.

"ಏಪ್ರಿಲ್‌ನಲ್ಲಿ ಫೇಲಾಗಿದ್ದು ನಿಮ್ಮ ತಂದೆಗೆ ಗೊತ್ತಿಲ್ವಾ?"

"ಗೊತ್ತು ಸರ್. ಹೇಳಿದ್ದೆ."

ಹೇಗೆ ಬಂತು ಬಾಯಿಗೆ? ಯೋಚನೆಯನ್ನೇ ಮಾಡಲಿಲ್ಲ. ನೀರು ಕುಡಿದ ಹಾಗೆ ಹೇಳಿದೆ.

"ಹಾಗಿದ್ರೆ ಸರಿ. ನೀವು ಹೇಳಿದ್ರೂ ಅವರಾಗೇ ಹಾಕಿಸಿದ್ದು ಅಂತ ಒಂದು ಪತ್ರ ತರಿಸಿ. ನೀವು ಹೌದು ಅಂತ ಗುರುತು ಹಾಕಿ, ವಿವರಣೆ ಬರೆದು, ಪತ್ರ ಲಗತ್ತಿಸಿ. ನಾನು ಸಹಿ ಹಾಕ್ತೀನಿ. ಮೊದಲು ಪರೀಕ್ಷೆ ಬರೀರಿ."

ನನ್ನ ಮನೆಯ ಕಾರ್ಡು. ಕೊನೆಯ ಪುಟ ತೆರೆದು ನೋಡಲಿಲ್ಲವಲ್ಲ ನಾನು! ನನ್ನ ಹೆಸರು ಅಲ್ಲಿರುತ್ತದೆಂದು ಗೊತ್ತಿಲ್ಲದವಳೇ?

ಅಕ್ಟೋಬರ್ 8. ಬುಧವಾರ. ಬೆಳಿಗ್ಗೆ 6.10

ಒಂಬತ್ತು ದಿನ ಈ ಡೈರಿ ಮುಟ್ಟಲಿಲ್ಲ. ಅಪ್ಪನಿಗೆ ಫೋನೂ ಮಾಡಲಿಲ್ಲ. ಅವರು ಮಾಡಿದಾಗ ಮೀಟಿಂಗ್ ಅಂದೆ.

ಪಾಸ್‌ಪೋರ್ಟ್. ಕ್ಯಾಲ್ಕುಲೇಟರ್. ಬಾಳೆಹಣ್ಣು. ಹೊರಟೆ.

ಸಂಜೆ 7.30

ಸೆಂಟರಿನಲ್ಲಿ ಜೇಬು ತಿರುವಿ ತೋರಿಸಿದ್ದಾಯಿತು, ಕನ್ನಡಕ ಕೊಟ್ಟಿದ್ದಾಯಿತು. ಕೊರಳಿನ ಲಿಂಗದ ಕರಡಿಗೆ ಬಿಚ್ಚಿ ತೋರಿಸಬೇಕಾಯಿತು. ಆ ಹುಡುಗಿ ಒಳಗೆ ಇಣುಕಿ, ಸಂಕೋಚದಿಂದ ಸಾರಿ ಅಂದಳು. ಮನಸ್ಸಿಗೆ ಹೇಗೋ ಆಯಿತು.

ಎಡ ತಿರುವಿನ ಪ್ರಶ್ನೆ ಮೂರು ಬಂದವು. ಮೂರಕ್ಕೂ ಮೊದಲು ಬಾಣ ಹಾಕಿದೆ. ಮಧ್ಯಾಹ್ನದ ಮೇಲೆ ಒಂದು ಪ್ರಶ್ನೆಯಲ್ಲೇ ಹದಿನೆಂಟು ನಿಮಿಷ ಕಳೆದೆ. ಕೊನೆಯ ಆರು ಬರೀ ಅಂದಾಜು. ಹೊರಗೆ ಬಂದಾಗ ಸೈಕಲ್ ಎಲ್ಲಿ ನಿಲ್ಲಿಸಿದ್ದೆ ಎಂದು ಹುಡುಕಿದೆ. ಆಮೇಲೆ ನೆನಪಾಯಿತು, ಬಂದದ್ದು ಟ್ರೇನಿನಲ್ಲಿ.

ಅಕ್ಟೋಬರ್ 15. ಬುಧವಾರ

ಪಾಸ್.

ಪಾಸ್ ಪಾಸ್ ಪಾಸ್. ಶರಣ್ ಅಡುಗೆಮನೆಯಲ್ಲೇ ಎತ್ತಿ ತಿರುಗಿಸಿದ. ಇಂಚರಾ ಚಪ್ಪಾಳೆ ಹೊಡೆದಳು, ಯಾಕೆಂದು ಗೊತ್ತಿಲ್ಲದೆ. ನಾನು ಅತ್ತೆ.

ಅದೂ ಐದೇ ನಿಮಿಷ. ಸುಳ್ಳು ತಾನಾಗಿ ನಿಜವಾಗುತ್ತದೆ ಅಂದುಕೊಂಡಿದ್ದೆನಲ್ಲ, ಆಗಲಿಲ್ಲ. ಈ ಖುಷಿಯ ಸುದ್ದಿಯನ್ನು ಅಪ್ಪನಿಗೆ ಹೇಳುವಂತೆಯೂ ಇಲ್ಲ. ಅವರ ಲೆಕ್ಕದಲ್ಲಿ ಇದು ಏಪ್ರಿಲ್ ಸುದ್ದಿ.

ಅಕ್ಟೋಬರ್ 18. ಶನಿವಾರ. ಬೆಳಿಗ್ಗೆ 9

ಹೇಳಿದೆ.

ಫೋನ್ ಎತ್ತಿದ್ದು ಅವ್ವ. "ಅಪ್ಪಗ ಕೊಡಬೇ" ಎಂದೆ. ದನಿ ಕೇಳಿಯೇ ಅವಳು ಏನೂ ಕೇಳದೆ ಕೊಟ್ಟಳು. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಸ್ಟ್ರೆಚರ್, ಮೇಲ್, ಕಾರ್ಡ್, ಕೇಶವ ಸರ್ ಕೇಳಿದ ಪತ್ರ.

ಅಪ್ಪ ಟಿವಿ ಆರಿಸಿದ್ದು ಕೇಳಿಸಿತು.

"ಫೇಲ್ ಅಂದಿದ್ರ ನಾ ಅಲ್ಲೇ ಸಾಯ್ತಿದ್ನೇನ?"

"ಅಪ್ಪಾ..."

"ಊರ ತುಂಬಾ ಹೇಳ್ಕೊಂಡು ತಿರುಗೇನಿ. ಆರು ತಿಂಗಳು. ಒಂದಿನಾರ ತಡೀಬಾರದೇನವಾ ನನ್ನ?"

ತಡೆಯಬೇಕಿತ್ತು. ದಿನಾ ತಡೆಯಬಹುದಿತ್ತು.

"ನಿಮ್ಮ ಸಾಹೇಬ್ರಿಗೆ ಏನ್ ಹೇಳೀದಿ?"

"ನಿಮಗ ಮೊದಲ ಗೊತ್ತಿತ್ತು ಅಂತ ಹೇಳೇನ್ರಿ ಅಪ್ಪಾ. ಅದೂ ಸುಳ್ಳ. ನೀವು ಪತ್ರದಾಗ ಅದನ್ನ ಬರೀಬ್ಯಾಡ್ರಿ. ನನ್ನ ಕೇಳದ ಹಾಕಿಸಿದ್ದು ಅಂತಷ್ಟ ಬರೀರಿ."

"ಹೂಂ," ಎಂದರು. "ಈಗರ ಖರೇ ಪಾಸಾಗೀದೇನು?"

"ಖರೇ ಅಪ್ಪಾ."

"ಹೂಂ."

ಶಾಬಾಸ್ ಅನ್ನಲಿಲ್ಲ. ಏಪ್ರಿಲ್‌ನಲ್ಲಿ ಅಂದಿದ್ದರು.

ಅಕ್ಟೋಬರ್ 19. ಭಾನುವಾರ. ಬೆಳಿಗ್ಗೆ 11

ಪತ್ರದ ಫೋಟೋ ಬಂತು. ಗೆರೆ ಹಾಕಿದ ಹಾಳೆ, ನೀಲಿ ಶಾಯಿ, ಪಿಡಬ್ಲ್ಯೂಡಿ ಕಾಲದ ಅದೇ ದುಂಡು ಅಕ್ಷರ. ಇಂದ, ಇವರಿಗೆ, ವಿಷಯ. ಇಂಗ್ಲಿಷ್ ನೀನೇ ಮಾಡಿಕೋ ಎಂದು ಕೆಳಗೆ ಒಂದು ಚೀಟಿ.

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನನ್ನ ಮಗಳು ಸ್ಮಿತಾ ಏಪ್ರಿಲ್ ತಿಂಗಳ ಪರೀಕ್ಷೆಯಲ್ಲಿ ಅನುತ್ತೀರ್ಣಳಾದ ವಿಷಯವನ್ನು ಅದೇ ದಿನ ನನಗೆ ಸ್ಪಷ್ಟವಾಗಿ ತಿಳಿಸಿರುತ್ತಾಳೆ. ಆದಾಗ್ಯೂ ನಾನು ಸ್ವಪ್ರತಿಷ್ಠೆಗಾಗಿ, ಅವಳ ಒಪ್ಪಿಗೆ ಇಲ್ಲದೆ, ಸದರಿ ಪದವಿಯನ್ನು ಆಮಂತ್ರಣದಲ್ಲಿ ಮುದ್ರಿಸಿರುತ್ತೇನೆ. ಇದರಲ್ಲಿ ಅವಳ ತಪ್ಪು ಏನೂ ಇರುವುದಿಲ್ಲ."

ಸಹಿ. ಚನ್ನಮಲ್ಲಪ್ಪ, ನಿವೃತ್ತ ಕಿರಿಯ ಇಂಜಿನಿಯರ್, ಲೋಕೋಪಯೋಗಿ ಇಲಾಖೆ.

ಮೂವತ್ತೊಂದು ವರ್ಷ ಸರ್ವಿಸ್. ಹಾಕದ ಡಾಂಬರಿಗೆ ಅಳತೆ ಪುಸ್ತಕದಲ್ಲಿ ಸಹಿ ಹಾಕಲೊಲ್ಲೆ ಎಂದು ಐದು ಸಲ ಟ್ರಾನ್ಸ್‌ಫರ್ ಆದ ಮನುಷ್ಯ. ಐದು ಊರು, ನನಗೆ ಐದು ಶಾಲೆ. ಅವ್ವ ಬೈದರೂ ಕೇಳಲಿಲ್ಲ.

ಶರಣ್ ಓದಿದ. ಹೊರಗೆ ಹೋಗಿ ಇಂಚರಾಳ ಸೈಕಲ್ಲಿಗೆ ಗಾಳಿ ಹೊಡೆಯುತ್ತಾ ನಿಂತ.

ಮಧ್ಯಾಹ್ನ 12.20

ಕೇಶವ ಸರ್‌ಗೆ ಹೇಳಿದ್ದಕ್ಕೂ ಈ ಪತ್ರಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಲಗತ್ತಿಸಿದರೆ ಸಾಕು. ಸರ್ ನಂಬುತ್ತಾರೆ, ಸಹಿ ಬೀಳುತ್ತದೆ. ಯಾರಿಗೂ ಎಂದಿಗೂ ಗೊತ್ತಾಗುವುದಿಲ್ಲ.

ಅರ್ಜಿಗೆ ಪತ್ರದ ಫೈಲ್ ಸೇರಿಸಿದೆ. ಕೆಳಗೆ ಅಪ್ಪನ ಹೆಸರು ನೋಡಿದೆ. ತೆಗೆದೆ. ಮತ್ತೆ ಸೇರಿಸಿದೆ.

ಸಂಜೆ 4.05

ತೆಗೆದೆ.

ಕೇಶವ ಸರ್‌ಗೆ ಮೆಸೇಜ್ ಹಾಕಿದೆ: ನಾಳೆ ಐದು ನಿಮಿಷ ಬೇಕು ಸರ್, ನಿಮಗೊಂದು ಸುಳ್ಳು ಹೇಳಿದ್ದೇನೆ. ನೀಲಿ ಗುರುತು ಬಂದಿದೆ, ಓದಿದ್ದಾರೆ. ಉತ್ತರ ಇಲ್ಲ. ಶಿಫಾರಸು ಹೋಯಿತೆಂದೇ ಲೆಕ್ಕ. ಜನವರಿಯೂ ಹೋಗಬಹುದು. ಹೆದರಿಕೆಯಾಗುತ್ತಿದೆ, ಸುಳ್ಳು ಯಾಕೆ.

ಅರ್ಜಿಯ ಆ ಪ್ರಶ್ನೆಗೆ "ಹೌದು" ಎಂದು ಗುರುತು ಹಾಕಿದೆ. ವಿವರಣೆಯ ಬಾಕ್ಸ್ ತೆರೆದಿದೆ. ಇಂಗ್ಲಿಷಿಗೆ ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಮತ್ತೆ ಏನಾದರೂ ನುಣ್ಣಗೆ ಮಾಡಿಬಿಡುತ್ತೇನೆ —

ಪಾಸಾಗಿದ್ದೇನೆ ಎಂದು ಮನೆಯಲ್ಲಿ ಸುಳ್ಳು ಹೇಳಿದವಳು ನಾನು. ನನ್ನ ತಂದೆಗೆ ಏನೂ ಗೊತ್ತಿರಲಿಲ್ಲ. ಅವರು ತಮ್ಮ ಜೀವನದಲ್ಲಿ ಒಮ್ಮೆಯೂ ಸುಳ್ಳಿಗೆ ಸಹಿ ಹಾಕಿದವರಲ್ಲ — ಇಲ್ಲ, ಇವತ್ತು ಹಾಕಿದ್ದಾರೆ, ನನಗಾಗಿ.